ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಪ್ಯಾನ್ ಸೋರುತ್ತಿದ್ದರೆ: ಬೋಲ್ಟ್ ಬಿಗಿ ಮಾಡುವ ಮೊದಲು ಓದಿ

ಬೆಳಿಗ್ಗೆ ಕಾರು ತೆಗೆದಾಗ ನೆಲದ ಮೇಲೆ ಅಂಗೈಯಗಲದ ಕೆಂಪು ಕಲೆ. ಬಗ್ಗಿ ನೋಡಿದರೆ ಗೇರ್‌ಬಾಕ್ಸಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ, ಅಂದರೆ ಪ್ಯಾನ್, ಅದರ ಅಂಚೆಲ್ಲ ಒದ್ದೆ. ಒಂದು ಬೋಲ್ಟಿನ ತಲೆಯಲ್ಲಿ ಹನಿ ಜೋತುಬಿದ್ದಿದೆ. ಇಷ್ಟು ಕಂಡ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು: "ಪ್ಯಾಕಿಂಗ್ ಹೋಗಿದೆ, ಬೋಲ್ಟ್ ಸ್ವಲ್ಪ ಬಿಗಿ ಮಾಡಿ ನೋಡಿ." ಪ್ಯಾಕಿಂಗ್ ಅಂದರೆ ಪ್ಯಾನ್ ಅಂಚಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ, ಆಯಿಲ್ ತಡೆಯುವ ಪಟ್ಟಿ.

ದಯವಿಟ್ಟು ಈಗಲೇ ಬಿಗಿ ಮಾಡಬೇಡಿ. ಪ್ಯಾನ್ ಇರುವುದು ಗೇರ್‌ಬಾಕ್ಸಿನ ತೀರಾ ಕೆಳಗೆ. ಮೇಲೆ ಎಲ್ಲೇ ಸೋರಿದರೂ ಆಯಿಲ್ ಇಳಿದು ಬಂದು ನಿಲ್ಲುವುದು ಅದರ ಅಂಚಿನಲ್ಲೇ. ಹೆಂಚಿನ ಮಾಡು ಸೋರಿದಾಗ ಒಡೆದ ಹೆಂಚು ಒಂದು ಕಡೆ, ತೊಟ್ಟಿಕ್ಕುವ ಜಾಗ ಇನ್ನೊಂದು ಕಡೆ ಇರುತ್ತದಲ್ವಾ, ಇದೂ ಹಾಗೇ.

ನನ್ನ ಹಳೆಯ ಕಾರಿಗೆ ಎರಡು ಸಲ ಪ್ಯಾನ್ ಪ್ಯಾಕಿಂಗ್ ಬದಲಾಯಿಸಿದರು. ಎರಡು ಸಲವೂ ವಾರದೊಳಗೆ ಮತ್ತೆ ಹನಿ. ಮೂರನೇ ಸಲ ನಾನೇ ಕೆಳಗೆ ಮಲಗಿ, ಪೂರ್ತಿ ಒರೆಸಿ, ಸಮಾಧಾನವಾಗಿ ಹುಡುಕಿದೆ. ಆಯಿಲ್ ಬರುತ್ತಿದ್ದುದು ಪ್ಯಾನಿನಿಂದ ಅಲ್ಲವೇ ಅಲ್ಲ. ಗೇರ್ ಲಿವರಿನ ಶಾಫ್ಟ್ ಗೇರ್‌ಬಾಕ್ಸ್ ಒಳಗೆ ಹೋಗುವ ಕಡೆ ಒಂದು ಸಣ್ಣ ರಬ್ಬರ್ ಸೀಲ್ ಇರುತ್ತದೆ. ಅದು ಒಣಗಿ ಗಟ್ಟಿಯಾಗಿತ್ತು. ಅಷ್ಟರಲ್ಲಿ ಬೋಲ್ಟುಗಳನ್ನು ಎರಡು ಸಲ ಜಾಸ್ತಿ ಬಿಗಿದು ಪ್ಯಾನ್ ಅಂಚೂ ಬಗ್ಗಿಹೋಗಿತ್ತು. ಹಾಗಾಗಿ ಒಂದಿದ್ದ ಸೋರಿಕೆ ಎರಡಾಗಿತ್ತು. ಹೀಗೆ ಇನ್ನೊಬ್ಬರಿಗೆ ಆಗಬಾರದು ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು, ಅದು ಗೇರ್‌ಬಾಕ್ಸ್ ಆಯಿಲೇ ಹೌದಾ?

ಕಾರಿನ ಕೆಳಗೆ ಒಂದು ಬಿಳಿ ರಟ್ಟು ಹಾಸಿ ರಾತ್ರಿಯಿಡೀ ಬಿಡಿ. ರಟ್ಟಿನ ಮೇಲೆ ಮುಂದಿನ ಚಕ್ರಗಳು ಎಲ್ಲಿ ಬರುತ್ತವೆ ಎಂದು ಗುರುತು ಹಾಕಿಕೊಳ್ಳಿ. ಆಗ ಹನಿ ಯಾವ ಭಾಗದ ಕೆಳಗೆ ಬಿದ್ದಿದೆ ಎಂದು ಗೊತ್ತಾಗುತ್ತದೆ.

ಹೊಸ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಹೆಚ್ಚಾಗಿ ಕೆಂಪಗಿರುತ್ತದೆ. ಹಳತಾದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಎಂಜಿನ್ ಆಯಿಲ್ ಜೇನಿನ ಬಣ್ಣದಿಂದ ಕಪ್ಪಿನವರೆಗೆ ಇರುತ್ತದೆ. ಕೂಲೆಂಟ್ ಕೂಡ ಕೆಲವು ಕಾರುಗಳಲ್ಲಿ ಕೆಂಪು ಅಥವಾ ಗುಲಾಬಿ. ಆದರೆ ಬೆರಳಲ್ಲಿ ಉಜ್ಜಿದರೆ ಆಯಿಲಿನ ಜಾರು ಗುಣ ಅದಕ್ಕಿಲ್ಲ, ನೀರಲ್ಲಿ ಕರಗುತ್ತದೆ. ಎಸಿಯಿಂದ ಬೀಳುವುದು ಬರೀ ನೀರು. ಇಲ್ಲಿ ನಿಜವಾಗಿ ಮೋಸ ಮಾಡುವುದು ಪವರ್ ಸ್ಟೀರಿಂಗ್. ಎಷ್ಟೋ ಹಳೆಯ ಕಾರುಗಳಲ್ಲಿ ಅದಕ್ಕೂ ಎಟಿಎಫ್ ಅನ್ನೇ ಹಾಕುತ್ತಾರೆ. ಬಣ್ಣವೂ ಅದೇ, ವಾಸನೆಯೂ ಅದೇ. ಹಾಗಾಗಿ ಸ್ಟೀರಿಂಗ್ ಡಬ್ಬಿಯ ಮಟ್ಟವನ್ನೂ ಒಮ್ಮೆ ನೋಡಿ. ಅದು ಇಳಿಯುತ್ತಿದ್ದರೆ ಗೇರ್‌ಬಾಕ್ಸಿನ ತಪ್ಪಿಲ್ಲ.

ಒರೆಸದೆ ಹುಡುಕಬೇಡಿ

ಹಳೆಯ ಕಾರಿನ ತಳದಲ್ಲಿ ವರ್ಷಗಟ್ಟಲೆಯ ಜಿಡ್ಡು, ಧೂಳು ಸೇರಿ ಕಪ್ಪು ಪದರ ಕಟ್ಟಿರುತ್ತದೆ. ಅದರ ಮೇಲೆ ಹೊಸ ಸೋರಿಕೆ ಯಾವುದು, ಹಳೆಯದು ಯಾವುದು ಎಂದು ಯಾರಿಗೂ ಹೇಳಲಾಗದು. ಆದ್ದರಿಂದ ಎಂಜಿನ್ ಮತ್ತು ಸೈಲೆನ್ಸರ್ ಪೈಪ್ ಪೂರ್ತಿ ತಣ್ಣಗಾದ ಮೇಲೆ ಡಿಗ್ರೀಸರ್ ಅಥವಾ ಬ್ರೇಕ್ ಕ್ಲೀನರ್ ಹೊಡೆದು ಗೇರ್‌ಬಾಕ್ಸನ್ನು ಮೇಲಿನಿಂದ ಕೆಳಗಿನವರೆಗೆ ತೊಳೆಯಿರಿ. ಬಿಸಿ ಪೈಪಿನ ಹತ್ತಿರ ಬ್ರೇಕ್ ಕ್ಲೀನರ್ ಹೊಡೆಯಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ. ಒಣ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಡಿ.

ಇನ್ನೊಂದು ಮಾತು, ಇದರಲ್ಲಿ ರಾಜಿ ಬೇಡ. ಬರೀ ಜಾಕಿ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ಸ್ಟ್ಯಾಂಡ್ ಕೊಟ್ಟು, ನೆಲಕ್ಕೆ ತಾಗಿರುವ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಅಲುಗದಿದ್ದರೆ ಮಾತ್ರ ಕೆಳಗೆ ಹೋಗಿ.

ಒಣಗಿದ ಮೇಲೆ ಪ್ಯಾನಿನ ಅಂಚು ಮತ್ತು ಅದರ ಮೇಲಿನ ಭಾಗಕ್ಕೆಲ್ಲ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ. ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಬಂದು ನೋಡಿ. ಬಿಳಿ ಪೌಡರ್ ಮೇಲೆ ಆಯಿಲ್ ಇಳಿದ ದಾರಿ ಗೆರೆ ಎಳೆದ ಹಾಗೆ ಕಾಣುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗಿ. ಅದು ಶುರುವಾಗುವ ಜಾಗವೇ ನಿಮಗೆ ಬೇಕಾದ್ದು. ಓಡಾಟದ ಗಾಳಿಗೆ ಆಯಿಲ್ ಹಿಂದಕ್ಕೆ ಹರಡುತ್ತದೆ, ಹಾಗಾಗಿ ಯಾವಾಗಲೂ ಒದ್ದೆಯಾದ ಜಾಗಗಳಲ್ಲಿ ತೀರಾ ಮೇಲಿನದನ್ನು ಮತ್ತು ತೀರಾ ಮುಂದಿನದನ್ನು ನಂಬಿ. ಪೌಡರಿನಲ್ಲಿ ಸಿಗದಷ್ಟು ಸಣ್ಣ ಸೋರಿಕೆಯಾದರೆ ಎಟಿಎಫ್‌ಗೆ ಬೆರೆಸುವ ಯುವಿ ಬಣ್ಣ ಸಿಗುತ್ತದೆ. ಯುವಿ ಟಾರ್ಚ್ ಬಿಟ್ಟರೆ ಸೋರುವ ಜಾಗ ಹೊಳೆಯುತ್ತದೆ.

ಗೆರೆ ಎಲ್ಲಿಗೆ ಹೋಗಿ ನಿಂತಿತು?

ಪ್ಯಾನ್ ಅಂಚಿನಲ್ಲೇ ನಿಂತು, ಅದರ ಮೇಲೆಲ್ಲ ಒಣ ಇದ್ದರೆ ಪ್ಯಾಕಿಂಗ್, ಬೋಲ್ಟ್ ಅಥವಾ ಪ್ಯಾನ್ ಅಂಚಿನದೇ ದೋಷ. ಡ್ರೇನ್ ಬೋಲ್ಟ್ ಇರುವ ಪ್ಯಾನ್ ಆದರೆ ಅದರ ವಾಷರ್ ನೋಡಿ. ಎಷ್ಟೋ ಸಲ ಬರೀ ವಾಷರ್ ಬದಲಾಯಿಸಿದರೆ ಕೆಲಸ ಮುಗಿಯುತ್ತದೆ. ಹಳೆಯ ಕಬ್ಬಿಣದ ತಗಡಿನ ಪ್ಯಾನ್ ಆದರೆ ತಳದಲ್ಲಿ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗಿರಬಹುದು. ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಕೆರೆದು ನೋಡಿ. ತೂತು ಬಿದ್ದಿದ್ದರೆ ಎಪಾಕ್ಸಿ ಮೆತ್ತುವುದು ನಾಲ್ಕು ದಿನದ ಮಾತು. ಪ್ಯಾನೇ ಬದಲಾಗಬೇಕು.

ಗೆರೆ ಪ್ಯಾನಿಗಿಂತ ಮೇಲೆ ಹೋದರೆ ನೋಡಬೇಕಾದ ಜಾಗಗಳು ಹಲವು. ಗೇರ್ ಲಿವರಿನ ಶಾಫ್ಟ್ ಸೀಲ್. ವೈರಿಂಗ್ ಕನೆಕ್ಟರ್ ಒಳಗೆ ಹೋಗುವ ಕಡೆಯ ಓ-ರಿಂಗ್. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಪೈಪ್ ಗೇರ್‌ಬಾಕ್ಸಿಗೆ ಕೂರುವ ಕಡೆಯ ರಬ್ಬರ್. ಸ್ಪೀಡೋಮೀಟರ್ ಕೇಬಲ್ ಅಥವಾ ಸೆನ್ಸರ್ ಕೂರುವ ಜಾಗ. ರೇಡಿಯೇಟರ್ ಕಡೆಗೆ ಹೋಗುವ ಎರಡು ಕೂಲರ್ ಪೈಪುಗಳ ಜೋಡಣೆ. ಇದರಲ್ಲಿ ಎಲ್ಲವೂ ಪ್ಯಾನ್ ಬಿಚ್ಚುವುದಕ್ಕಿಂತ ಸುಲಭ ಅಲ್ಲ, ಆದರೆ ಬಿಡಿಭಾಗಗಳು ಸಣ್ಣವು.

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗ್ ಕೆಳಗಿನಿಂದ ಕೆಂಪು ಆಯಿಲ್ ಬರುತ್ತಿದ್ದರೆ ಅದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಕಡೆಯ ಸೀಲ್ ಇರಬಹುದು. ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಅದೇ ಜಾಗದಿಂದ ಕಪ್ಪಗೆ ಬಂದರೆ ಎಂಜಿನ್ನಿನ ಹಿಂದಿನ ಸೀಲ್ ಮೇಲೆ ಅನುಮಾನ ಪಡಿ.

ಬ್ರೀದರ್ ಅನ್ನು ಮರೆಯಬೇಡಿ. ಗೇರ್‌ಬಾಕ್ಸಿನ ಮೇಲ್ಭಾಗದಲ್ಲಿ ಗಾಳಿ ಆಡಲು ಒಂದು ಸಣ್ಣ ಕೊಳವೆ ಇರುತ್ತದೆ. ಅದು ಮಣ್ಣು ತುಂಬಿ ಕಟ್ಟಿಕೊಂಡರೆ, ಆಯಿಲ್ ಬಿಸಿಯಾದಾಗ ಒಳಗಿನ ಒತ್ತಡಕ್ಕೆ ಹೊರಹೋಗಲು ದಾರಿ ಇಲ್ಲ. ಆಗ ಚೆನ್ನಾಗಿರುವ ಸೀಲಿನಿಂದಲೂ ಆಯಿಲ್ ಹೊರಬರುತ್ತದೆ. ಆಯಿಲ್ ಜಾಸ್ತಿ ಹಾಕಿದ್ದರೂ ನೊರೆ ಎದ್ದು ಇದೇ ಬ್ರೀದರಿನಿಂದ ಹೊರಬಂದು, ಗೇರ್‌ಬಾಕ್ಸ್ ಮೈಯೆಲ್ಲ ತೋಯಿಸಿ, ಪ್ಯಾನ್ ಸೋರುತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ನಿಂತಾಗ ಮಾತ್ರ ಸೋರುತ್ತದೆಯಾ?

ಈ ಪ್ರಶ್ನೆ ನನಗೆ ತುಂಬಾ ಮುಖ್ಯ ಅನಿಸುತ್ತದೆ, ಏಕೆಂದರೆ ನನ್ನ ಕಾರಿನ ಗುಟ್ಟು ಬಿಟ್ಟುಕೊಟ್ಟಿದ್ದು ಇದೇ. ದಿನವೂ ಓಡಿಸಿದಾಗ ಒಂದು ಹನಿಯೂ ಇಲ್ಲ. ನಾಲ್ಕು ದಿನ ನಿಲ್ಲಿಸಿದರೆ ಕೆಳಗೆ ಕೆರೆ.

ಕಾರಣ ಹೀಗಿದೆ. ಎಂಜಿನ್ ಓಡುವಾಗ ಪಂಪ್ ಪ್ಯಾನಿನಿಂದ ಆಯಿಲ್ ಎಳೆದು ಟಾರ್ಕ್ ಕನ್ವರ್ಟರ್, ಕೂಲರ್ ಎಲ್ಲವನ್ನೂ ತುಂಬಿಸಿಡುತ್ತದೆ. ಹಾಗಾಗಿ ಪ್ಯಾನಿನಲ್ಲಿ ಮಟ್ಟ ಕಡಿಮೆ ಇರುತ್ತದೆ. ಕಾರು ದಿನಗಟ್ಟಲೆ ನಿಂತರೆ ಹಳೆಯ ಗೇರ್‌ಬಾಕ್ಸುಗಳಲ್ಲಿ ಕನ್ವರ್ಟರಿನ ಆಯಿಲ್ ನಿಧಾನಕ್ಕೆ ಪ್ಯಾನಿಗೆ ಇಳಿದು ಬರುತ್ತದೆ. ಮಟ್ಟ ಪ್ಯಾನ್ ಅಂಚನ್ನೂ ದಾಟಿ ಮೇಲೇರುತ್ತದೆ. ಓಡುವಾಗ ಆಯಿಲ್ ಮಟ್ಟಕ್ಕಿಂತ ಮೇಲಿದ್ದ ಲಿವರ್ ಶಾಫ್ಟ್ ಸೀಲ್, ಕನೆಕ್ಟರ್, ಡಿಪ್‌ಸ್ಟಿಕ್ ಪೈಪಿನ ಬುಡ ಈಗ ಆಯಿಲಿನಲ್ಲಿ ಮುಳುಗಿರುತ್ತವೆ. ಒಣಗಿದ ಸೀಲ್ ಇದ್ದರೆ ಅಲ್ಲಿಂದ ಜಿನುಗುತ್ತದೆ.

ಆದ್ದರಿಂದ ನಿಂತಾಗ ಮಾತ್ರ ಸೋರಿದರೆ ಮೊದಲು ಪ್ಯಾನ್ ಅಂಚಿಗಿಂತ ಸ್ವಲ್ಪ ಮೇಲಿರುವ ಸೀಲುಗಳನ್ನು ನೋಡಿ. ಓಡುವಾಗ ಮಾತ್ರ ಸೋರಿದರೆ ಒತ್ತಡ ಇರುವ ಕಡೆ ನೋಡಿ, ಅಂದರೆ ಕೂಲರ್ ಪೈಪುಗಳು ಮತ್ತು ಟಾರ್ಕ್ ಕನ್ವರ್ಟರ್ ಕಡೆಯ ಸೀಲ್. ಎರಡೂ ಹೊತ್ತಿನಲ್ಲಿ ಒಂದೇ ಸಮ ಜಿನುಗಿದರೆ ಪ್ಯಾನ್ ಮೇಲಿನ ಅನುಮಾನ ಬಲವಾಗುತ್ತದೆ.

ಹೊರಗೆ ಒಂದು ಹನಿಯೂ ಇಲ್ಲದೆ ಆಯಿಲ್ ಇಳಿಯುವುದೂ ಉಂಟು. ಕೆಲವು ಹಳೆಯ ಗೇರ್‌ಬಾಕ್ಸುಗಳಲ್ಲಿ ವ್ಯಾಕ್ಯೂಮ್ ಮಾಡ್ಯುಲೇಟರ್ ಎಂಬ ಡಬ್ಬಿ ಇದೆ. ಅದರ ಒಳಗಿನ ಪೊರೆ ಹರಿದರೆ ಎಂಜಿನ್ ಅದರ ಮೂಲಕ ಎಟಿಎಫ್ ಹೀರಿ ಸುಡುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ. ಅದರ ವ್ಯಾಕ್ಯೂಮ್ ಪೈಪ್ ಬಿಚ್ಚಿ ನೋಡಿ, ಒಳಗೆ ಆಯಿಲ್ ಇದ್ದರೆ ಸಿಕ್ಕಿತು. ರೇಡಿಯೇಟರ್ ಒಳಗಿನ ಕೂಲರ್ ಒಡೆದರೆ ಕೂಲೆಂಟ್ ಮತ್ತು ಎಟಿಎಫ್ ಬೆರೆತು ಗುಲಾಬಿ ಬಣ್ಣದ ಕೆನೆಯ ಹಾಗಾಗುತ್ತದೆ. ಹಾಗೆ ಕಂಡರೆ ಕಾರು ಓಡಿಸಲೇಬೇಡಿ.

ಪ್ಯಾನ್ ಇಳಿಸುವುದು

ಸೋರಿಕೆ ಪ್ಯಾನಿನದೇ ಎಂದು ಖಚಿತವಾಯಿತು ಅನ್ನಿ. ಬಿಚ್ಚುವ ಮೊದಲು ಬೋಲ್ಟುಗಳನ್ನು ಒಂದು ಸಲ ಕೈಯಲ್ಲಿ ಮುಟ್ಟಿ ನೋಡಿ. ಸಡಿಲವಾಗಿಯೇ ಸಿಕ್ಕರೆ ಟಾರ್ಕ್ ವ್ರೆಂಚಿನಲ್ಲಿ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಸ್ಪ್ಯಾನರ್) ಸರಿಯಾದ ಲೆಕ್ಕಕ್ಕೆ ಬಿಗಿದು ಎರಡು ದಿನ ಕಾಯಬಹುದು. ಬಿಗಿ ಮಾಡಬಹುದಾದ ಸಂದರ್ಭ ಇದೊಂದೇ.

ಆಯಿಲ್ ಕೈ ತಡೆಯುವಷ್ಟು ಬೆಚ್ಚಗಿರಲಿ, ಕುದಿಯುವ ಹಾಗೆ ಬಿಸಿ ಬೇಡ. ಓಡಿಸಿ ಬಂದ ಕೂಡಲೇ ಅದು 80, 90 ಡಿಗ್ರಿ ಇರಬಹುದು, ಚರ್ಮ ಸುಟ್ಟುಬಿಡುತ್ತದೆ. ಡ್ರೇನ್ ಬೋಲ್ಟ್ ಇಲ್ಲದ ಪ್ಯಾನ್ ಆದರೆ ಅಗಲವಾದ ಟ್ರೇ ಕೆಳಗಿಡಿ. ಒಂದು ಬದಿಯ ಬೋಲ್ಟುಗಳನ್ನು ಸಡಿಲ ಮಾತ್ರ ಮಾಡಿ, ಉಳಿದ ಮೂರು ಬದಿಯವನ್ನು ಬಿಚ್ಚಿ. ಪ್ಯಾನ್ ಒಂದು ಕಡೆಗೆ ವಾಲಿ ಆಯಿಲ್ ಮೂಲೆಯಿಂದ ಇಳಿಯುತ್ತದೆ. ಪ್ಯಾಕಿಂಗ್ ಅಂಟಿಕೊಂಡು ಪ್ಯಾನ್ ಬಿಡದಿದ್ದರೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಮೇಲಿನ ಅಲ್ಯೂಮಿನಿಯಂ ಮೈಗೆ ಗೀರು ಬಿದ್ದರೆ ಅದೇ ಮುಂದಿನ ಸೋರಿಕೆಯ ದಾರಿ. ರಬ್ಬರ್ ಸುತ್ತಿಗೆಯಿಂದ ಪಕ್ಕಕ್ಕೆ ತಟ್ಟಿ.

ಇಳಿದ ಆಯಿಲನ್ನು ಅಳತೆಯ ಡಬ್ಬಿಗೆ ಹಾಕಿ ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ. ತುಂಬುವಾಗ ಇದೇ ಆಧಾರ. ಸಾಮಾನ್ಯವಾಗಿ 3ರಿಂದ 5 ಲೀಟರ್ ಬರುತ್ತದೆ. ಉಳಿದದ್ದು ಕನ್ವರ್ಟರ್ ಮತ್ತು ಪೈಪುಗಳಲ್ಲೇ ನಿಲ್ಲುತ್ತದೆ.

ಪ್ಯಾನ್ ಒಳಗಿನ ಅಯಸ್ಕಾಂತ ನೋಡಿ. ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಇದ್ದರೆ ಅದು ಸಹಜ ಸವೆತ. ಕಣ್ಣಿಗೆ ಕಾಣುವ ಲೋಹದ ಚೂರು, ಸಿಪ್ಪೆ ಸಿಕ್ಕರೆ ಅಥವಾ ಆಯಿಲ್ ಸುಟ್ಟ ವಾಸನೆ ಬಂದರೆ ಒಳಗೆ ಬೇರೆಯೇ ತೊಂದರೆ ಇದೆ. ಪ್ಯಾನ್ ತೆರೆದಾಗಲೇ ಫಿಲ್ಟರ್ ಕೂಡ ಬದಲಾಯಿಸಿಬಿಡಿ. ಹಳೆಯ ಫಿಲ್ಟರಿನ ಓ-ರಿಂಗ್ ಮೇಲೆ ರಂಧ್ರದಲ್ಲೇ ಉಳಿದುಕೊಂಡಿರುತ್ತದೆ, ತೆಗೆಯಲು ಮರೆಯಬೇಡಿ. ಅದರ ಮೇಲೆ ಇನ್ನೊಂದನ್ನು ಒತ್ತಿದರೆ ಫಿಲ್ಟರ್ ಸರಿಯಾಗಿ ಕೂರದೆ ಪಂಪ್ ಗಾಳಿ ಎಳೆಯುತ್ತದೆ.

ಪ್ಯಾನ್ ಅಂಚು: ಕೆಲಸದ ಜೀವಾಳ ಇಲ್ಲಿದೆ

ಹೊಸ ಪ್ಯಾಕಿಂಗ್ ಹಾಕಿದರೂ ಸೋರುವುದಕ್ಕೆ ಮುಖ್ಯ ಕಾರಣ ಬಗ್ಗಿದ ಅಂಚು. ಬೋಲ್ಟ್ ಜಾಸ್ತಿ ಬಿಗಿದಾಗ ತಗಡು ಬೋಲ್ಟಿನ ತೂತಿನ ಸುತ್ತ ಮೇಲಕ್ಕೆ ಉಬ್ಬುತ್ತದೆ. ಬೋಲ್ಟ್ ಇರುವಲ್ಲಿ ಪ್ಯಾಕಿಂಗ್ ಜಜ್ಜಿಹೋಗುತ್ತದೆ, ಎರಡು ಬೋಲ್ಟುಗಳ ನಡುವೆ ಒತ್ತಡವೇ ಸಿಗುವುದಿಲ್ಲ. ಆಯಿಲ್ ಆ ನಡುವಿನಿಂದಲೇ ಬರುತ್ತದೆ. ಅದನ್ನು ನೋಡಿ ಇನ್ನೂ ಬಿಗಿ ಮಾಡುತ್ತಾರೆ, ಉಬ್ಬು ಇನ್ನೂ ಹೆಚ್ಚುತ್ತದೆ.

ಪ್ಯಾನ್ ತೊಳೆದು ಒಣಗಿಸಿ, ಒಂದು ದಪ್ಪ ಗಾಜಿನ ಮೇಲೆ ಅಂಚು ಕೆಳಗಾಗಿ ಮಗುಚಿ ಇಡಿ. ಒಳಗೆ ಟಾರ್ಚ್ ಹಚ್ಚಿಟ್ಟರೆ ಇನ್ನೂ ಚೆನ್ನ. ಬೆಳಕು ಎಲ್ಲಿ ಹೊರಗೆ ಇಣುಕುತ್ತದೋ ಅಲ್ಲಿ ಅಂಚು ತಗ್ಗು. ಸರಿ ಮಾಡಲು ಅಂಚಿನ ಹಿಂಬದಿಯನ್ನು ಸಪಾಟಾದ ಗಟ್ಟಿ ಮರದ ತುಂಡಿನ ಮೇಲಿಟ್ಟು, ಪ್ಯಾಕಿಂಗ್ ಕೂರುವ ಮೈಯ ಕಡೆಯಿಂದ ಉಬ್ಬಿದ ತೂತಿನ ಸುತ್ತ ಸಣ್ಣ ಸುತ್ತಿಗೆಯಲ್ಲಿ ಮೆಲ್ಲ ಮೆಲ್ಲಗೆ ತಟ್ಟಿ. ಎರಡೇಟು, ಮತ್ತೆ ಗಾಜಿನ ಮೇಲೆ ಇಟ್ಟು ನೋಡುವುದು. ಅವಸರ ಮಾಡಿದರೆ ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಕೆಡುತ್ತದೆ. ನನಗೆ ಇದಕ್ಕೇ ಒಂದು ಗಂಟೆ ಹಿಡಿಯಿತು, ಆ ಗಂಟೆ ಸಾರ್ಥಕವಾಯಿತು. ಎರಕದ ಅಲ್ಯೂಮಿನಿಯಂ ಪ್ಯಾನನ್ನು ಮಾತ್ರ ಹೀಗೆ ತಟ್ಟಬೇಡಿ, ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಪ್ಯಾನ್ ಸೊಟ್ಟಗಾಗಿದ್ದರೆ ಬದಲಾಯಿಸುವುದೇ ದಾರಿ.

ಮೇಲಿನ ಗೇರ್‌ಬಾಕ್ಸ್ ಮೈಯಿಂದ ಹಳೆಯ ಪ್ಯಾಕಿಂಗ್ ಚೂರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಬೋಲ್ಟ್ ತೂತುಗಳಲ್ಲಿ ಆಯಿಲ್ ನಿಂತಿದ್ದರೆ ಒರೆಸಿ. ತಳ ಮುಚ್ಚಿದ ತೂತಿನಲ್ಲಿ ಆಯಿಲ್ ಇಟ್ಟುಕೊಂಡೇ ಬೋಲ್ಟ್ ಬಿಗಿದರೆ ಆಯಿಲಿಗೆ ಹೋಗಲು ಜಾಗವಿಲ್ಲದೆ ಅಲ್ಯೂಮಿನಿಯಂ ಸೀಳಬಹುದು. ಥ್ರೆಡ್ ಹೋಗಿದ್ದರೆ ದೊಡ್ಡ ಬೋಲ್ಟ್ ತುರುಕಬೇಡಿ, ಹೊಸ ಥ್ರೆಡ್ ಕೊಡುವ ಸುರುಳಿ, ಅಂದರೆ ಹೆಲಿಕಾಯಿಲ್, ಹಾಕಿಸಿ.

ಪ್ಯಾಕಿಂಗ್ ಮತ್ತು ಬೋಲ್ಟ್

ಕಾರ್ಕ್, ಕಾಗದದ ನಾರು, ಮೆದು ರಬ್ಬರ್, ಒಳಗೆ ಲೋಹದ ತಗಡಿರುವ ರಬ್ಬರ್ ಹೀಗೆ ನಾಲ್ಕಾರು ಬಗೆ ಸಿಗುತ್ತವೆ. ನಿಮ್ಮ ಗೇರ್‌ಬಾಕ್ಸಿಗೆ ಲೋಹದ ತಗಡಿರುವ ರಬ್ಬರ್ ಪ್ಯಾಕಿಂಗ್ ಸಿಕ್ಕಿದರೆ ನಾನು ಅದನ್ನೇ ಆರಿಸುತ್ತೇನೆ. ಬೋಲ್ಟ್ ಎಷ್ಟು ಒತ್ತಬೇಕೋ ಅಷ್ಟಕ್ಕೇ ಅದು ನಿಲ್ಲಿಸುತ್ತದೆ, ಜಜ್ಜಿಹೋಗುವುದಿಲ್ಲ.

ರಬ್ಬರ್ ಪ್ಯಾಕಿಂಗಿಗೆ ಸಿಲಿಕಾನ್ ಗಮ್ ಹಚ್ಚಬೇಡಿ. ಗಮ್ ಹಸಿ ಇರುವಾಗ ಜಾರುವ ಎಣ್ಣೆಯ ಹಾಗೆ ಕೆಲಸ ಮಾಡುತ್ತದೆ, ಬಿಗಿಯುವಾಗ ಪ್ಯಾಕಿಂಗ್ ಹೊರಗೆ ಜಾರುತ್ತದೆ. ಒಳಗೆ ಇಳಿದ ಗಮ್ ತುಣುಕು ಕಳಚಿಕೊಂಡು ಫಿಲ್ಟರ್ ಅಥವಾ ವಾಲ್ವ್ ಬಾಡಿಯ (ಆಯಿಲನ್ನು ಬೇಕಾದ ಕಡೆಗೆ ಹರಿಸಿ ಗೇರ್ ಬದಲಿಸುವ ಭಾಗ) ಸಣ್ಣ ದಾರಿಗಳನ್ನು ಕಟ್ಟಬಹುದು. ಕೆಲವು ಕಾರುಗಳಲ್ಲಿ ತಯಾರಕರೇ ಪ್ಯಾಕಿಂಗ್ ಇಲ್ಲದೆ ಗಮ್ ಮಾತ್ರ ಬಳಸಿರುತ್ತಾರೆ. ಅಲ್ಲಿ ಎರಡೂ ಮೈ ಸಂಪೂರ್ಣ ಒಣಗಿರಬೇಕು, ತೆಳು ಗೆರೆ ಸಾಕು, ಮತ್ತು ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಆರಿದ ಮೇಲೆಯೇ ಆಯಿಲ್ ತುಂಬಬೇಕು.

ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಲ್ಲೇ ಹತ್ತಿಸಿ. ನಂತರ ನಡುವಿನಿಂದ ಶುರುಮಾಡಿ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 10ರ ಸ್ಪ್ಯಾನರ್ ಹಿಡಿಯುವ 6 ಮಿಮೀ ಬೋಲ್ಟಾದರೆ ಎಷ್ಟೋ ಕಾರುಗಳಲ್ಲಿ ಲೆಕ್ಕ 7ರಿಂದ 12 ನ್ಯೂಟನ್ ಮೀಟರ್ ಒಳಗಿರುತ್ತದೆ. ಇದು ತುಂಬಾ ಕಡಿಮೆ, ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಗೊತ್ತಾಗದೆಯೇ ದಾಟಿಹೋಗುತ್ತದೆ. ನಿಮ್ಮ ಕಾರಿನ ಸರ್ವಿಸ್ ಪುಸ್ತಕದ ಅಂಕಿಯನ್ನೇ ಪಾಲಿಸಿ. ಹಳೆಯ ಪುಸ್ತಕಗಳಲ್ಲಿ ಇಂಚ್-ಪೌಂಡ್ ಎಂದಿರುವುದನ್ನು ಫುಟ್-ಪೌಂಡ್ ಎಂದು ಓದಿದರೆ 12 ಪಟ್ಟು ಜಾಸ್ತಿ ಬಿಗಿದ ಹಾಗಾಗುತ್ತದೆ, ಬೋಲ್ಟೇ ತುಂಡಾಗುತ್ತದೆ.

ಆಯಿಲ್ ತುಂಬುವುದು

ಯಾವ ಎಟಿಎಫ್ ಎಂಬುದನ್ನು ಡಿಪ್‌ಸ್ಟಿಕ್ ಅಥವಾ ಪುಸ್ತಕ ಹೇಳುತ್ತದೆ. ಡೆಕ್ಸ್‌ರಾನ್, ಮರ್ಕಾನ್, ಎಟಿಎಫ್+4, ಟೈಪ್ ಎಫ್ ಎಲ್ಲ ಕೆಂಪಗೇ ಕಂಡರೂ ಒಂದೇ ಅಲ್ಲ. ಒಳಗಿನ ಕ್ಲಚ್ ಪ್ಲೇಟುಗಳು ಹಿಡಿಯುವ ರೀತಿ ಆಯಿಲ್ ಮೇಲೆ ನಿಂತಿದೆ. ಸಿವಿಟಿ (ಹಲ್ಲಿನ ಗೇರುಗಳ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್) ಆಯಿಲ್ ಅಂತೂ ಬೇರೆಯೇ ಜಾತಿ.

ಇಳಿದದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಹಾಕಿ ಎಂಜಿನ್ ಶುರು ಮಾಡಿ. ಬ್ರೇಕ್ ಒತ್ತಿ ಹಿಡಿದು ಪಿ, ಆರ್, ಎನ್, ಡಿ ಎಲ್ಲದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ಮತ್ತೆ ಪಿಗೆ ತನ್ನಿ. ಡಿಪ್‌ಸ್ಟಿಕ್ ಇರುವ ಬಹಳಷ್ಟು ಕಾರುಗಳಲ್ಲಿ ಸಮನೆಲದಲ್ಲಿ, ಆಯಿಲ್ ಬಿಸಿಯಾಗಿ, ಎಂಜಿನ್ ಓಡುತ್ತಿರುವಾಗ ಮಟ್ಟ ನೋಡಬೇಕು. ಹೋಂಡಾ ಕಾರುಗಳಲ್ಲಿ ಬಿಸಿ ಮಾಡಿ, ಎಂಜಿನ್ ಆರಿಸಿದ ಕೂಡಲೇ ನೋಡುವ ಕ್ರಮ ಇದೆ. ಡಿಪ್‌ಸ್ಟಿಕ್ ಇಲ್ಲದವುಗಳಲ್ಲಿ ಪುಸ್ತಕ ಹೇಳಿದ ಬಿಸಿಯಲ್ಲಿ ಪಕ್ಕದ ಪ್ಲಗ್ ಬಿಚ್ಚಿ ನೋಡಬೇಕು. ಕಡಿಮೆ ಇದ್ದರೆ ಸ್ವಲ್ಪ ಸ್ವಲ್ಪವೇ ಸೇರಿಸಿ. ಜಾಸ್ತಿಯಾದರೆ ಅದೇ ನೊರೆ, ಅದೇ ಬ್ರೀದರ್, ಮತ್ತೆ ಒದ್ದೆ ಪ್ಯಾನ್.

ಸೋರಿಕೆ ನಿಲ್ಲಿಸುವ ಡಬ್ಬಿ ಔಷಧಗಳನ್ನು ನಾನು ಪ್ಯಾನಿಗೆ ಶಿಫಾರಸು ಮಾಡುವುದಿಲ್ಲ. ಅವು ಗಟ್ಟಿಯಾದ ರಬ್ಬರ್ ಸೀಲನ್ನು ಸ್ವಲ್ಪ ಉಬ್ಬಿಸಿ ಮೆದುಮಾಡುತ್ತವೆ, ಬಗ್ಗಿದ ತಗಡನ್ನು ನೇರ ಮಾಡುವುದಿಲ್ಲ. ಸೋರಿಕೆ ಇಟ್ಟುಕೊಂಡು ಓಡಿಸುವುದೂ ಬೇಡ. ಬಿಸಿ ಸೈಲೆನ್ಸರ್ ಪೈಪ್ ಮೇಲೆ ಆಯಿಲ್ ಬಿದ್ದರೆ ಹೊಗೆ ಬರುತ್ತದೆ, ಬೆಂಕಿಯೂ ಹತ್ತಬಹುದು. ಮಟ್ಟ ಇಳಿದರೆ ಗೇರ್ ತಡವಾಗಿ ಹಿಡಿಯುವುದು, ಎಂಜಿನ್ ಮೊರೆದರೂ ಕಾರು ಎಳೆಯದಿರುವುದು ಶುರುವಾಗುತ್ತದೆ. ಆ ಹಂತ ತಲುಪಿದರೆ ಕ್ಲಚ್ ಪ್ಲೇಟುಗಳು ಸುಡುತ್ತಿವೆ ಎಂದೇ ಅರ್ಥ.

ಕೆಲಸ ಮುಗಿದ ಮೇಲೆ ಅಂಚನ್ನು ಮತ್ತೆ ಒರೆಸಿ, ಒಂದು ಸುತ್ತು ಓಡಿಸಿ, ರಟ್ಟು ಹಾಸಿ. ಕಾರ್ಕ್ ಪ್ಯಾಕಿಂಗ್ ಹಾಕಿದ್ದರೆ ನಾಲ್ಕೈದು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಬೋಲ್ಟುಗಳನ್ನು ಅದೇ ಲೆಕ್ಕಕ್ಕೆ ಒಮ್ಮೆ ಪರೀಕ್ಷಿಸಿ, ಅದಕ್ಕಿಂತ ಮೇಲೆ ಹೋಗಬೇಡಿ. ಒಂದೇ ರಾತ್ರಿಯ ರಟ್ಟು ನೋಡಿ ಸಮಾಧಾನ ಪಡಬೇಡಿ. ಕನ್ವರ್ಟರಿನ ಆಯಿಲ್ ಪೂರ್ತಿ ಇಳಿದು ಬರಲು ಮೂರು ನಾಲ್ಕು ದಿನ ನಿಲ್ಲಿಸಿ, ಆಮೇಲೆ ಕಾರಿನ ಕೆಳಗಿನಿಂದ ರಟ್ಟು ಎಳೆದು ನೋಡಿ.